ಧಣಿ, ಒಕ್ಕಲು ಮತ್ತು ಕೊಳಗ: ಭಾವಿಕೇರಿ ಸೀಮೆಯಲ್ಲಿ ಅಧಿಕಾರದ ಹೊಣೆ

ಅಂಕೋಲಾ ತಾಲೂಕಿನ ಭಾವಿಕೇರಿ, ಅಲಗೇರಿ, ಬೇಲೇಕೇರಿಗಳು ಕಡಲು ಮತ್ತು ಸಹ್ಯಾದ್ರಿಯ ನಡುವಿನ ಕಿರಿದಾದ ಬಯಲಿನಲ್ಲಿ ಒಂದಕ್ಕೊಂದು ಹೊಂದಿಕೊಂಡಿರುವ ಹಳ್ಳಿಗಳಾಗಿದ್ದು, ಮಳೆಗಾಲದ ಭತ್ತ, ತೆಂಗು, ಮೀನು ಮತ್ತು ಉಪ್ಪು ಈ ಸೀಮೆಯ ಬದುಕಿನ ಹಳೆಯ ಆಧಾರಗಳು. ಈ ಭಾಗದ ಇತಿಹಾಸ ಬರೆದವರು ಬಹುಪಾಲು 1930ರ ಉಪ್ಪಿನ ಸತ್ಯಾಗ್ರಹದಿಂದ ಆರಂಭಿಸಿ 1942ರ ಚಳವಳಿಯವರೆಗಿನ ಕತೆಯನ್ನೇ ಹೇಳುತ್ತ ಬಂದಿದ್ದಾರೆ. ಅದು ಹೆಮ್ಮೆಯ ಕತೆ, ಹೇಳಬೇಕಾದ ಕತೆಯೂ ಹೌದು. ಆದರೆ ಅದೇ ಗದ್ದೆಗಳ ಬದುವಿನ ಮೇಲೆ, ಅದೇ ಮನೆಗಳ ಜಗಲಿಯಲ್ಲಿ ಇನ್ನೊಂದು ಇತಿಹಾಸವೂ ನಡೆಯುತ್ತಿತ್ತು. ಭೂಮಿಯ ಒಡೆಯನಾದ ಧಣಿಗೂ ಆ ಭೂಮಿಯನ್ನು ಗೇಣಿಗೆ, ಅಂದರೆ ಫಸಲಿನ ಒಂದು ಭಾಗವನ್ನು ಕೊಡುವ ಕರಾರಿನ ಮೇಲೆ, ಸಾಗುವಳಿ ಮಾಡುತ್ತಿದ್ದ ಒಕ್ಕಲಿಗೂ ಇದ್ದ ದಿನನಿತ್ಯದ ಸಂಬಂಧದ ಇತಿಹಾಸ ಅದು. ಪರಕೀಯ ಸರ್ಕಾರದ ಅಧಿಕಾರವನ್ನು ಗುರುತಿಸಿ ಎದುರಿಸಿದ ಸೀಮೆಯಲ್ಲಿಯೇ ಮನೆಯಂಗಳದ ಅಧಿಕಾರವನ್ನು ಗುರುತಿಸಲು ಇನ್ನೂ ಬಹಳ ಕಾಲ ಹಿಡಿಯಿತು ಎಂಬುದು ಈ ಎರಡು ಕತೆಗಳನ್ನು ಜೊತೆಗಿಟ್ಟು ಓದಿದಾಗ ಮಾತ್ರ ಕಾಣುವ ಸಂಗತಿ.

ಭೂಮಿಯ ಹಕ್ಕಿನ ಹಿನ್ನೆಲೆಯನ್ನು ಚುಟುಕಾಗಿ ಹೇಳಬಹುದು. ಗಂಗಾವಳಿ ನದಿಯ ಉತ್ತರಕ್ಕಿರುವ ಅಂಕೋಲೆ ಸೋಂದೆಯ ಅರಸರ ಕೈಯಿಂದ ಹೈದರನ ಕೈಗೆ, 1799ರಲ್ಲಿ ಟಿಪ್ಪುವಿನ ಪತನದ ಅನಂತರ ಈಸ್ಟ್ ಇಂಡಿಯಾ ಕಂಪನಿಯ ಕೈಗೆ ಹೋಯಿತು. ಕನ್ನಡ ಜಿಲ್ಲೆಯ ಮೊದಲ ಕಲೆಕ್ಟರನಾಗಿ ಬಂದ ಥಾಮಸ್ ಮನ್ರೋ 1800ರಲ್ಲಿ ಬರೆದ ವರದಿಗಳಲ್ಲಿ ಈ ಕರಾವಳಿಯಲ್ಲಿ ಭೂಮಿಯ ಖಾಸಗಿ ಒಡೆತನ ಬಹು ಹಿಂದಿನಿಂದ ಬೇರೂರಿದೆ ಎಂದು ದಾಖಲಿಸಿದನು. ಹೀಗೆ ಒಡೆತನವನ್ನು ಗುರುತಿಸಿದ ಕಂಪನಿಯ ಲೆಕ್ಕದಲ್ಲಿ ಕಂದಾಯ ಕಟ್ಟುವ ಹೊಣೆ ಹೊತ್ತವನು ‘ವರ್ಗದಾರ’ನಾದನು, ವರ್ಗವೆಂದರೆ ಒಬ್ಬನ ಹೆಸರಿನಲ್ಲಿ ದಾಖಲಾದ ಹಿಡುವಳಿ. ಅವನ ಕೆಳಗೆ ಎರಡು ಬಗೆಯ ಗೇಣಿದಾರರಿದ್ದರು. ನಿಗದಿಯಾದ ಗೇಣಿಯನ್ನು ತೆತ್ತು ತಲೆತಲಾಂತರ ಭೂಮಿಯಲ್ಲಿ ಉಳಿಯುವ ಹಕ್ಕುಳ್ಳವನು ಮೂಲಗೇಣಿದಾರ. ಧಣಿಯ ಮನಸ್ಸಿರುವಷ್ಟು ದಿನ ಮಾತ್ರ ಉಳಿಯಬಲ್ಲವನು ಚಾಲಗೇಣಿದಾರ. ಉತ್ತರ ಕನ್ನಡ 1862ರಲ್ಲಿ ಮದರಾಸು ಪ್ರಾಂತದಿಂದ ಮುಂಬಯಿ ಪ್ರಾಂತಕ್ಕೆ ಸೇರಿದ ಮೇಲೆ ಹೊಸ ಪದ್ಧತಿಯ ಮೋಜಣಿ ಮತ್ತು ಕಂದಾಯ ನಿಗದಿ ನಡೆದವು. ಆದರೆ ಆ ಮೋಜಣಿ ನೆಲವನ್ನು ಅಳೆಯಿತೇ ಹೊರತು ನೆಲದ ಮೇಲಿನ ಮನುಷ್ಯರ ನಡುವಣ ಅಂತರವನ್ನು ಅಳೆಯಲಿಲ್ಲ. ಚಾಲಗೇಣಿದಾರನ ಹೆಸರು ಅನೇಕ ಕಡೆ ಯಾವ ಕಾಗದದಲ್ಲಿಯೂ ಇರಲಿಲ್ಲ, ಕರಾರು ಬಾಯಿಮಾತಿನದಾಗಿತ್ತು, ಕೊಟ್ಟ ಗೇಣಿಗೆ ಪಾವತಿ, ಅಂದರೆ ರಸೀದಿ, ಸಿಗುತ್ತಿರಲಿಲ್ಲ.

ಕಾಗದವಿಲ್ಲದ ಈ ಸಂಬಂಧದಲ್ಲಿ ಧಣಿಯ ಅಧಿಕಾರ ಹೇಗೆ ನಡೆಯುತ್ತಿತ್ತು ಎಂಬುದನ್ನು ತುಸು ನಿಧಾನವಾಗಿ ನೋಡಬೇಕು, ಏಕೆಂದರೆ ಅದು ಅಪರೂಪಕ್ಕೊಮ್ಮೆ ಬೀಳುವ ಪೆಟ್ಟಿನ ರೂಪದಲ್ಲಿರದೆ ದಿನದಿನದ ನಡವಳಿಕೆಯ ರೂಪದಲ್ಲಿತ್ತು. ಒಕ್ಕಲಿನ ಮನೆ ನಿಂತಿರುತ್ತಿದ್ದ ನೆಲವೇ ಎಷ್ಟೋ ಸಲ ಧಣಿಯದಾಗಿದ್ದುದರಿಂದ ಗದ್ದೆ ಬಿಡಿಸಿಕೊಳ್ಳುವ ಮಾತು ಮನೆ ಬಿಡಿಸುವ ಮಾತೂ ಆಗಿರುತ್ತಿತ್ತು. ಅಂಗಳದ ಅಂಚಿನಲ್ಲಿ ಬೆಳೆದ ತೆಂಗಿನ ಮರಕ್ಕೆ ನೀರೆರೆದವನು ಒಕ್ಕಲಾದರೂ ಕಾಯಿ ಕೀಳಿಸುವ ಹಕ್ಕು ಧಣಿಯದು. ಸುಗ್ಗಿ ಮುಗಿದ ಮೇಲೆ ಗೇಣಿಯ ಭತ್ತವನ್ನು ಒಣಗಿಸಿ, ತೂರಿ, ಹೊತ್ತು ಧಣಿಯ ಅಂಗಳಕ್ಕೆ ಮುಟ್ಟಿಸುವ ಕೆಲಸ ಒಕ್ಕಲಿನದು. ಅಳೆಯುವ ಕೊಳಗ ಧಣಿಯ ಮನೆಯದು. ಜೊಳ್ಳು ಎಷ್ಟು, ತೇವ ಎಷ್ಟು ಎಂದು ತೀರ್ಮಾನಿಸುವ ಬಾಯಿಯೂ ಅದೇ ಮನೆಯದು. ಮದುವೆ, ಮುಂಜಿ, ಹಬ್ಬಗಳಲ್ಲಿ ಒಕ್ಕಲು ಮನೆಯವರು ಬಂದು ಚಪ್ಪರ ಹಾಕುವುದು, ಸೌದೆ ಒಡೆಯುವುದು, ಭತ್ತ ಕುಟ್ಟುವುದು, ಬಾಳೆಲೆ ತರಕಾರಿ ಒದಗಿಸುವುದು ನಡೆಯುತ್ತಿತ್ತು; ಕೂಲಿಯಿಲ್ಲದ ಇಂಥ ದುಡಿಮೆಗೆ ಬಿಟ್ಟಿ ಚಾಕರಿ ಎಂದು ಹೆಸರು. ಧಣಿ ಜಗಲಿಯ ಮೇಲೆ ಕುಳಿತಿದ್ದಾಗ ಒಕ್ಕಲು ಅಂಗಳದಲ್ಲಿ ನಿಲ್ಲಬೇಕು, ವಯಸ್ಸಿನಲ್ಲಿ ಹಿರಿಯನಾದ ಒಕ್ಕಲನ್ನು ಧಣಿಯ ಮನೆಯ ಹುಡುಗನೂ ಏಕವಚನದಲ್ಲಿ ಕರೆಯಬಹುದು, ಒಕ್ಕಲು ಮಾತ್ರ ಆ ಹುಡುಗನಿಗೂ ಒಡೆಯನೆನ್ನಬೇಕು ಎಂಬುದು ಯಾವ ಕಾನೂನಿನಲ್ಲಿಯೂ ಬರೆಯದ, ಆದರೆ ಕಾನೂನಿಗಿಂತ ಗಟ್ಟಿಯಾಗಿ ಪಾಲಿಸಲ್ಪಡುತ್ತಿದ್ದ ನಿಯಮವಾಗಿತ್ತು.

ಕೊಳಗದ ವಿಷಯ ಕೇವಲ ಅಂಕೋಲೆಯದಲ್ಲ. ಘಟ್ಟದ ಮೇಲೆ, ಸಾಗರ ತಾಲೂಕಿನ ಕಾಗೋಡಿನಲ್ಲಿ 1951ರ ಏಪ್ರಿಲ್‌ನಲ್ಲಿ ಆರಂಭವಾದ ರೈತ ಸತ್ಯಾಗ್ರಹಕ್ಕೆ ತಕ್ಷಣದ ಕಾರಣವಾದದ್ದು ಗೇಣಿ ಅಳೆಯುವ ಕೊಳಗದ ಗಾತ್ರವೇ. ಹೆಸರಿಗೆ ಒಂದೇ ಕೊಳಗ, ಆದರೆ ಗೇಣಿ ಪಡೆಯುವಾಗ ಹಿಡಿಯುವ ಪಾತ್ರೆ ಹಿರಿದು ಎಂಬುದು ಅಲ್ಲಿನ ದೀವರ ಗೇಣಿದಾರರ ದೂರಾಗಿತ್ತು. ಎಚ್. ಗಣಪತಿಯಪ್ಪನವರು ಸಂಘಟಿಸಿದ, ಶಾಂತವೇರಿ ಗೋಪಾಲಗೌಡರಂತಹ ಸಮಾಜವಾದಿಗಳು ಕೈಜೋಡಿಸಿದ, ರಾಮಮನೋಹರ ಲೋಹಿಯಾ ಬಂದು ಬಂಧನಕ್ಕೊಳಗಾದ ಆ ಹೋರಾಟ ದೇಶದ ಗಮನ ಸೆಳೆಯಿತು. ಒಂದು ಅಳತೆಯ ಪಾತ್ರೆಯ ಸುತ್ತ ಇಷ್ಟು ದೊಡ್ಡ ಚಳವಳಿ ಏಳಬೇಕಾಯಿತೆಂದರೆ ಆ ಪಾತ್ರೆಯೊಳಗೆ ಭತ್ತದ ಜೊತೆಗೆ ಇನ್ನೇನು ತುಂಬಿತ್ತೆಂಬುದನ್ನು ಊಹಿಸುವುದು ಕಷ್ಟವಲ್ಲ. ಯಾರ ಅಳತೆಯನ್ನು ಯಾರೂ ಪ್ರಶ್ನಿಸುವಂತಿಲ್ಲವೋ ಅವನದೇ ನಿಜವಾದ ಅಧಿಕಾರ. ಗೇಣಿಯ ಪ್ರಮಾಣ ಎಷ್ಟೆಂಬುದು ಅದರ ಮುಂದೆ ಎರಡನೆಯ ಮಾತು.

ಇಷ್ಟಾದರೂ ಈ ಸಂಬಂಧವನ್ನು ಬರಿಯ ದಬ್ಬಾಳಿಕೆಯೆಂದು ಬಣ್ಣಿಸಿದರೆ ಅದು ಏಕೆ ಅಷ್ಟು ಕಾಲ ಬಾಳಿತೆಂಬುದು ಅರ್ಥವಾಗುವುದಿಲ್ಲ. ಮಳೆಗಾಲದ ನಡುವೆ ಒಕ್ಕಲು ಮನೆಯ ಕಣಜ ಬರಿದಾದಾಗ ಭತ್ತ ಸಾಲ ಕೊಡುತ್ತಿದ್ದವನು ಧಣಿ. ಮದುವೆಗೆ ಹಣ, ಜ್ವರಕ್ಕೆ ಔಷಧ, ಕಚೇರಿಯಲ್ಲಿ ಒಂದು ಮಾತು, ಹಬ್ಬಕ್ಕೊಂದು ಸೀರೆ ಅಥವಾ ಪಂಚೆ ಸಿಗುತ್ತಿದ್ದುದೂ ಅವನಿಂದಲೇ. ಸುಗ್ಗಿಯ ದಿನಗಳಲ್ಲಿ ಹಾಲಕ್ಕಿ ಒಕ್ಕಲಿಗರ ಸುಗ್ಗಿ ಕುಣಿತದ ತಂಡ ಬಣ್ಣದ ತುರಾಯಿ ಕಟ್ಟಿಕೊಂಡು ಮನೆಮನೆಗೆ ಬಂದಾಗ ಧಣಿಯ ಅಂಗಳದಲ್ಲಿ ತೆಂಗಿನಕಾಯಿ, ಅಕ್ಕಿ, ಕಾಣಿಕೆ ಕೊಟ್ಟು ಕಳಿಸುವ ರೂಢಿಯಲ್ಲಿ ಪರಸ್ಪರ ಪ್ರೀತಿಯೂ ಇತ್ತೆಂಬುದನ್ನು ಅಲ್ಲಗಳೆಯಲಾಗದು. ಆದರೆ ಪಡೆಯುವವನು ಕೇಳುವ ಹಕ್ಕಿಲ್ಲದೆ ಪಡೆಯುತ್ತಿದ್ದನು, ಕೊಡುವವನು ಕೊಡದಿರುವ ಸ್ವಾತಂತ್ರ್ಯವನ್ನಿಟ್ಟುಕೊಂಡೇ ಕೊಡುತ್ತಿದ್ದನು. ಭತ್ತದ ಸಾಲ ಮುಂದಿನ ಸುಗ್ಗಿಯಲ್ಲಿ ಬಡ್ಡಿಯ ಭತ್ತದೊಂದಿಗೆ ತಿರುಗಿ ಬರುತ್ತಿತ್ತು, ಮದುವೆಯ ಸಾಲ ಮಗನ ದುಡಿಮೆಯಾಗಿ ಮುಂದುವರಿಯುತ್ತಿತ್ತು. ಒಳ್ಳೆಯ ಧಣಿಗಳು ಬಹಳ ಮಂದಿ ಇದ್ದರು. ಅವರ ಒಳ್ಳೆಯತನವೇ ಅವರ ಕಣ್ಣಿಗೆ ಅವರ ಅಧಿಕಾರವನ್ನು ಮರೆಮಾಡಿತ್ತೆಂಬುದು ಈ ವ್ಯವಸ್ಥೆಯ ವಿಚಿತ್ರ. ಕೆಟ್ಟ ಧಣಿಗೆ ತಾನು ಬಲಶಾಲಿಯೆಂಬುದು ಗೊತ್ತಿರುತ್ತದೆ. ಒಳ್ಳೆಯವನಾದರೋ ತಾನು ಕೊಡುಗೈಯವನೆಂದಷ್ಟೇ ತಿಳಿದಿರುತ್ತಾನೆ.

ಒಕ್ಕಲುಗಳ ಪೈಕಿ ಈ ಸೀಮೆಯಲ್ಲಿ ಎದ್ದುಕಾಣುವವರು ಹಾಲಕ್ಕಿ ಒಕ್ಕಲಿಗರು. ಜೊತೆಗೆ ಕೋಮಾರಪಂತರು, ಉಪ್ಪಿನಾಗರಗಳಲ್ಲಿ ದುಡಿಯುತ್ತ ಬಂದ ಆಗೇರರು, ಸ್ವಂತ ಹಿಡುವಳಿಯೂ ಗೇಣಿಯೂ ಎರಡೂ ಬೆರೆತಿದ್ದ ನಾಡವರು ಇದ್ದರು. 1883ರಲ್ಲಿ ಪ್ರಕಟವಾದ ಮುಂಬಯಿ ಪ್ರಾಂತದ ಗೆಜೆಟಿಯರಿನ ಕೆನರಾ ಸಂಪುಟ ಹಾಲಕ್ಕಿಗಳ ವೃತ್ತಿ, ಉಡುಗೆ, ಆಚಾರಗಳನ್ನು ವಿವರವಾಗಿ ವರ್ಣಿಸುತ್ತದೆ. ‘ಕೊಪ್ಪ’ವೆಂದು ಕರೆಯಲ್ಪಡುವ ಅವರ ಮನೆಗಳ ಗುಂಪಿಗೆ ಗೌಡ, ಬುಧವಂತ ಮತ್ತು ಕೋಲಕಾರ ಎಂಬ ಮೂವರು ಹಿರಿಯರಿದ್ದು, ಗೌಡನು ತೀರ್ಮಾನ ಹೇಳುವವನಾಗಿಯೂ ಬುಧವಂತನು ಅವನಿಗೆ ಸಲಹೆ ನೀಡುವವನಾಗಿಯೂ ಕೋಲಕಾರನು ಕರೆ ಮುಟ್ಟಿಸುವವನಾಗಿಯೂ ಸಮುದಾಯದ ಒಳಗಿನ ವ್ಯವಹಾರ ನಡೆಸುತ್ತಿದ್ದರು. ಧಣಿಯ ಅಂಗಳದಲ್ಲಿ ಕೈಕಟ್ಟಿ ನಿಲ್ಲುತ್ತಿದ್ದ ಮನುಷ್ಯ ತನ್ನ ಕೊಪ್ಪಕ್ಕೆ ಬಂದಾಗ ಇತರರ ಮದುವೆ, ಜಗಳ, ದಂಡಗಳನ್ನು ತೀರ್ಮಾನಿಸುವ ಗೌಡನಾಗಿರಬಹುದಿತ್ತು. ಆ ತೀರ್ಮಾನದ ಕಟ್ಟೆಯಲ್ಲಿ ಹೆಂಗಸರಿಗೆ ಸ್ಥಾನವಿರಲಿಲ್ಲ ಎಂಬುದನ್ನು ಇಲ್ಲಿಯೇ ಗುರುತಿಟ್ಟುಕೊಳ್ಳಬೇಕು, ಏಕೆಂದರೆ ಭೂಮಿಯ ಹಕ್ಕಿನ ಮುಂದಿನ ಕತೆ ಅಲ್ಲಿಗೇ ಬಂದು ಮುಟ್ಟುತ್ತದೆ.

1930ರ ಏಪ್ರಿಲ್ 13ರಂದು ಅಂಕೋಲೆಯ ಕಡಲತೀರದಲ್ಲಿ ಎಂ. ಪಿ. ನಾಡಕರ್ಣಿಯವರ ನೇತೃತ್ವದಲ್ಲಿ ಉಪ್ಪಿನ ಕಾನೂನು ಮುರಿಯಲಾಯಿತು. ಅದರ ಬೆನ್ನಿಗೇ ಬಂದ ಕರನಿರಾಕರಣೆ ಅಂಕೋಲಾ ಮತ್ತು ಸಿದ್ದಾಪುರ ತಾಲೂಕುಗಳಲ್ಲಿ ತೀವ್ರವಾಗಿ ನಡೆದು, 1932ರ ಹೊತ್ತಿಗೆ ಕಂದಾಯ ಕಟ್ಟಲು ಒಪ್ಪದ ಕುಟುಂಬಗಳ ಜಮೀನು, ದನಕರು, ಪಾತ್ರೆಪಗಡಗಳು ಜಪ್ತಿಯಾದವು. ಹಲವು ಊರುಗಳ ಪಟೇಲರು, ಅಂದರೆ ಸರ್ಕಾರದ ಪರವಾಗಿ ಕಂದಾಯ ವಸೂಲಿ ಮಾಡುವ ವಂಶಪಾರಂಪರ್ಯ ಗ್ರಾಮಾಧಿಕಾರಿಗಳು, ತಮ್ಮ ಹುದ್ದೆಗೆ ರಾಜೀನಾಮೆ ಕೊಟ್ಟರು. ಈ ರಾಜೀನಾಮೆಗಳಿಗೆ ಇತಿಹಾಸದಲ್ಲಿ ಸಿಕ್ಕಿರುವ ಸ್ಥಾನ ಕಡಿಮೆಯೆಂದೇ ಹೇಳಬೇಕು. ಸೆರೆಮನೆಗೆ ಹೋದವರು ತಮ್ಮ ಮೇಲಿದ್ದ ಅಧಿಕಾರವನ್ನು ಧಿಕ್ಕರಿಸಿದರೆ ಪಟೇಲನು ತನ್ನ ಕೈಯಲ್ಲಿದ್ದ ಅಧಿಕಾರವನ್ನೇ ಕೆಳಗಿಟ್ಟನು. ನೆರೆಮನೆಯವನ ಎತ್ತನ್ನು ಜಪ್ತಿಗೆ ತೋರಿಸಿಕೊಡುವ ಕೈ ತನ್ನದಾಗಬಾರದೆಂದು ನಿರ್ಧರಿಸಿದ್ದು ಬೇರೆಯೇ ಬಗೆಯ ಧೈರ್ಯ.

ಜಪ್ತಿಯಾದ ಆಸ್ತಿಯನ್ನು ಹರಾಜಿನಲ್ಲಿ ಕೊಂಡವರ ಪ್ರಶ್ನೆಯೂ ಆಗ ಎದ್ದಿತು. ಸಿದ್ದಾಪುರ ತಾಲೂಕಿನ ಮಾವಿನಗುಂಡಿಯಲ್ಲಿ ಹೆಂಗಸರು ಅಂಥ ಆಸ್ತಿ ಕೊಂಡವರ ಮನೆಯ ಮುಂದೆ ಉಪವಾಸ ಕುಳಿತರು. 1880ರಲ್ಲಿ ಐರ್ಲೆಂಡಿನ ಮೇಯೊ ಪ್ರಾಂತದಲ್ಲಿ ಗೇಣಿದಾರರನ್ನು ಹೊರಹಾಕಲು ಮುಂದಾದ ಜಮೀನುದಾರನ ಕಾರಭಾರಿ ಬಾಯ್ಕಾಟನೊಂದಿಗೆ ಊರಿನವರು ಮಾತು, ಕೊಡುಕೊಳ್ಳುವಿಕೆ ನಿಲ್ಲಿಸಿದ ಘಟನೆ ಲೋಕಪ್ರಸಿದ್ಧ. ಮಾವಿನಗುಂಡಿಯ ಹೆಂಗಸರು ಮಾಡಿದ್ದು ಅದಕ್ಕಿಂತ ಸೂಕ್ಷ್ಮವಾದದ್ದು, ಏಕೆಂದರೆ ಅವರು ಕೊಂಡವನನ್ನು ಊರಿನಿಂದ ಹೊರಗಿಡದೆ ಅವನ ಬಾಗಿಲಿಗೇ ಹೋಗಿ, ಅಗ್ಗದ ಬೆಲೆಗೆ ಕೊಂಡ ಕೈಗೂ ಜಪ್ತಿ ಮಾಡಿದ ಕೈಗೂ ಇರುವ ಸಂಬಂಧವನ್ನು ಅವನ ಕಣ್ಣೆದುರಿಗಿಟ್ಟರು. 1937ರಲ್ಲಿ ಮುಂಬಯಿ ಪ್ರಾಂತದಲ್ಲಿ ಅಧಿಕಾರಕ್ಕೆ ಬಂದ ಕಾಂಗ್ರೆಸ್ ಸರ್ಕಾರ ಹೀಗೆ ಕಳೆದುಹೋದ ಜಮೀನುಗಳನ್ನು ಹಳೆಯ ಒಡೆಯರಿಗೆ ಹಿಂದಿರುಗಿಸುವ ಕ್ರಮ ಕೈಗೊಂಡಿತು.

ಆದರೆ ಹಿಂದಿರುಗಿದ್ದು ಒಡೆಯರಿಗೆ. ಕಂದಾಯ ಕಟ್ಟುವವನು ವರ್ಗದಾರನಾದ್ದರಿಂದ ಕಟ್ಟದಿರುವ ನಿರ್ಧಾರವೂ ಅವನದೇ. ಜಮೀನು ಜಪ್ತಿಯಾದರೆ ಅದನ್ನು ಉಳುತ್ತಿದ್ದ ಚಾಲಗೇಣಿದಾರನ ಅನ್ನವೂ ಅದರೊಂದಿಗೆ ಅಲುಗುತ್ತಿತ್ತು, ಆದರೆ ಅವನ ಒಪ್ಪಿಗೆ ಕೇಳಬೇಕೆಂಬ ಪ್ರಶ್ನೆ ಆ ಕಾಲದ ರಾಜಕೀಯ ಭಾಷೆಯಲ್ಲಿ ಇರಲಿಲ್ಲ. ಇದರಿಂದ ಆ ಹೋರಾಟಗಾರರ ತ್ಯಾಗ ಕಿರಿದಾಗುವುದಿಲ್ಲ. ತನಗೆ ಅನ್ಯಾಯ ಮಾಡುವವನ ಬಲವನ್ನು ಅಳೆಯುವಷ್ಟು ಸುಲಭವಾಗಿ ಮನುಷ್ಯ ತನ್ನ ಬಲವನ್ನು ಅಳೆಯಲಾರ ಎಂಬುದಕ್ಕೆ ಮಾತ್ರ ಇದು ಸಾಕ್ಷಿ.

ಆ ಪ್ರಶ್ನೆಯನ್ನು ಈ ನೆಲದಲ್ಲಿ ಎತ್ತಿದವರಲ್ಲಿ ಪ್ರಮುಖರು ಭಾವಿಕೇರಿಗೆ ಹೊಂದಿಕೊಂಡ ಅಲಗೇರಿಯವರೇ ಆದ ದಿನಕರ ದೇಸಾಯಿ. 1909ರ ಸೆಪ್ಟೆಂಬರ್ 10ರಂದು ಹುಟ್ಟಿದ ದೇಸಾಯಿಯವರು ಮುಂಬಯಿಯಲ್ಲಿ ಉನ್ನತ ವಿದ್ಯಾಭ್ಯಾಸ ಮುಗಿಸಿ, ಗೋಪಾಲಕೃಷ್ಣ ಗೋಖಲೆ 1905ರಲ್ಲಿ ಸ್ಥಾಪಿಸಿದ್ದ ಭಾರತ ಸೇವಕ ಸಮಾಜವನ್ನು ಸೇರಿ, ಹಡಗಿನ ಕೂಲಿಗಳ ಸಂಘಟನೆಯಲ್ಲಿ ತೊಡಗಿದರು. ಭಾರತದ ನಾವಿಕ ಕಾರ್ಮಿಕರನ್ನು ಕುರಿತು ಅವರು ಇಂಗ್ಲಿಷಿನಲ್ಲಿ ಬರೆದ ಗ್ರಂಥ 1940ರಲ್ಲಿ ಪ್ರಕಟವಾಯಿತು. ಹಡಗಿನಲ್ಲಿ ಕೆಲಸ ಕೊಡಿಸುವ ದಲ್ಲಾಳಿಗೆ ನಾವಿಕ ಲಂಚ ತೆರುವುದಕ್ಕೂ ಊರಿನಲ್ಲಿ ಗದ್ದೆ ಉಳಿಸಿಕೊಳ್ಳಲು ಒಕ್ಕಲು ಬಿಟ್ಟಿ ದುಡಿಯುವುದಕ್ಕೂ ಇರುವ ಹೋಲಿಕೆ ಅವರಂಥವರ ಕಣ್ಣಿಗೆ ಬೀಳದೆ ಉಳಿದಿರಲಾರದು. 1940ರ ಸುಮಾರಿಗೆ ಅವರು ಅಂಕೋಲೆಯನ್ನು ಕೇಂದ್ರವಾಗಿಟ್ಟುಕೊಂಡು ಗೇಣಿದಾರರನ್ನು ರೈತಕೂಟದಲ್ಲಿ ಒಗ್ಗೂಡಿಸಿದರು. ಬಿಟ್ಟಿ ಚಾಕರಿ ಮಾಡುವುದಿಲ್ಲ, ಕೊಟ್ಟ ಗೇಣಿಗೆ ಪಾವತಿ ಬೇಕು, ಅಳತೆ ನ್ಯಾಯವಾಗಿರಬೇಕು, ಮನಸ್ಸಿಗೆ ಬಂದಂತೆ ಗದ್ದೆ ಬಿಡಿಸಬಾರದು ಎಂಬಂತಹ, ಇಂದಿನ ಓದುಗನಿಗೆ ತೀರ ಸಣ್ಣವೆನಿಸಬಹುದಾದ ಬೇಡಿಕೆಗಳು ಆಗ ಧಣಿಗಳಿಗೂ ಸರ್ಕಾರಕ್ಕೂ ಬಂಡಾಯವಾಗಿ ಕಂಡವು. ಮುಂಬಯಿ ಸರ್ಕಾರ ದೇಸಾಯಿಯವರನ್ನು ಜಿಲ್ಲೆಯಿಂದ ಗಡಿಪಾರು ಮಾಡಿತು.

ದೇಸಾಯಿಯವರು ಓದು ಮತ್ತು ಜಾತಿ ಎರಡರಲ್ಲಿಯೂ ಒಕ್ಕಲುಗಳಿಗಿಂತ ಮೇಲಿನ ಸ್ಥಾನದಲ್ಲಿದ್ದವರು. ಅಂಥವರು ಬಡವರ ಪರ ಮಾತಾಡಿದ ಉದಾಹರಣೆಗಳಿಗೆ ಆ ಕಾಲದಲ್ಲಿ ಕೊರತೆಯಿರಲಿಲ್ಲ. ಗಾಂಧೀಜಿಯವರ ಧರ್ಮದರ್ಶಿತ್ವದ ವಿಚಾರ, ಅಂದರೆ ಸಿರಿವಂತನು ತನ್ನ ಸಂಪತ್ತನ್ನು ಸಮಾಜದ ಪರವಾಗಿ ಕಾಯುವ ಧರ್ಮದರ್ಶಿಯೆಂದು ತಿಳಿಯಬೇಕೆಂಬ ವಿಚಾರ, ಜಮೀನುದಾರರ ನಡುವೆಯೂ ಗೌರವ ಪಡೆದಿತ್ತು. ಆದರೆ ಧರ್ಮದರ್ಶಿಯಾದ ಧಣಿಯ ಕೈಯಲ್ಲಿಯೂ ಕೊಳಗ ಅವನದೇ ಆಗಿ ಉಳಿಯುತ್ತದೆ. ದೇಸಾಯಿಯವರ ದಾರಿ ಬೇರೆಯಾದದ್ದು ಇಲ್ಲಿ: ಅವರು ಧಣಿಯ ಮನಸ್ಸು ಕರಗಲೆಂದು ಕಾಯದೆ ಒಕ್ಕಲು ಪಾವತಿ ಕೇಳುವಂತೆ ಮಾಡಿದರು, ಮತ್ತು ಪಾವತಿ ಓದಲು ಬಾರದವನಿಗೆ ಪಾವತಿಯಿಂದ ಪ್ರಯೋಜನ ಅರ್ಧವೇ ಎಂದು ಅರಿತು ಶಾಲೆಗಳ ಕಡೆ ತಿರುಗಿದರು. 1953ರಲ್ಲಿ ಅವರು ಸ್ಥಾಪಿಸಿದ ಕೆನರಾ ವೆಲ್‌ಫೇರ್ ಟ್ರಸ್ಟ್ ಜಿಲ್ಲೆಯ ಹಳ್ಳಿಗಳಲ್ಲಿ ಪ್ರೌಢಶಾಲೆಗಳನ್ನು ತೆರೆಯಿತು. ಗೋಖಲೆಯವರ ಜನ್ಮಶತಾಬ್ದಿಯ ವರ್ಷವಾದ 1966ರಲ್ಲಿ ಅಂಕೋಲೆಯಲ್ಲಿ ಅವರ ಹೆಸರಿನ ಕಾಲೇಜು ಆರಂಭವಾಯಿತು. 1967ರ ಲೋಕಸಭಾ ಚುನಾವಣೆಯಲ್ಲಿ ದೇಸಾಯಿಯವರು ಪಕ್ಷೇತರರಾಗಿ ನಿಂತು ಗೆದ್ದರು. ಕನ್ನಡ ನಾಡು ಅವರನ್ನು ಚುಟುಕ ಬ್ರಹ್ಮನೆಂದು ನೆನೆಯುತ್ತದೆ; ಅಂಕೋಲೆಯ ಹಳ್ಳಿಗಳಲ್ಲಿ ಆ ಬಿರುದಿಗಿಂತ ರೈತಕೂಟದ ನೆನಪು ಹಿರಿದಾಗಬೇಕಿತ್ತು.

ಕಾನೂನು ಚಳವಳಿಯ ಹಿಂದೆ ಕುಂಟುತ್ತ ಬಂದಿತು. 1939ರ ಮುಂಬಯಿ ಗೇಣಿ ಕಾಯ್ದೆ ‘ಸಂರಕ್ಷಿತ ಗೇಣಿದಾರ’ ಎಂಬ ಹೊಸ ವರ್ಗವನ್ನು ಗುರುತಿಸಿ, ಹಲವು ವರ್ಷ ಸತತವಾಗಿ ಸಾಗುವಳಿ ಮಾಡಿದವನನ್ನು ಸುಲಭವಾಗಿ ಹೊರಹಾಕದಂತೆ ತಡೆ ಹಾಕಿತು. ಮೊದಲಿಗೆ ಕೆಲವೇ ಜಿಲ್ಲೆಗಳಿಗೆ ಅನ್ವಯಿಸಿದ ಈ ಕಾಯ್ದೆ 1946ರಲ್ಲಿ ಪ್ರಾಂತಕ್ಕೆಲ್ಲ ವಿಸ್ತರಿಸಿತು. 1948ರ ಕಾಯ್ದೆ ಗೇಣಿಗೆ ಮಿತಿ ಹಾಕಿತು. 1956ರ ನವೆಂಬರ್ 1ರಂದು ಜಿಲ್ಲೆ ಮೈಸೂರು ರಾಜ್ಯಕ್ಕೆ ಸೇರಿತು, ಮೈಸೂರಿನ ಭೂಸುಧಾರಣಾ ಕಾಯ್ದೆ 1961ರಲ್ಲಿ ಅಂಗೀಕಾರವಾಗಿ 1965ರ ಅಕ್ಟೋಬರ್ 2ರಿಂದ ಜಾರಿಗೆ ಬಂದಿತು. ಈ ಎಲ್ಲ ಕಾನೂನುಗಳಲ್ಲಿಯೂ ‘ಸ್ವಂತ ಸಾಗುವಳಿ’ಯೆಂಬ ಒಂದು ಕಿಂಡಿ ಇತ್ತು: ಧಣಿಯು ತಾನೇ ಬೇಸಾಯ ಮಾಡುವೆನೆಂದು ಹೇಳಿ ನಿಬಂಧನೆಗಳಿಗೊಳಪಟ್ಟು ಜಮೀನು ಹಿಂದಕ್ಕೆ ಪಡೆಯಬಹುದಿತ್ತು. ಹೊಲಕ್ಕೆ ಇಳಿಯದ ಎಷ್ಟೋ ಕಾಲುಗಳು ಕಾಗದದ ಮೇಲೆ ಗದ್ದೆಗಿಳಿದವು. ಪಾವತಿಯಿಲ್ಲದ ಒಕ್ಕಲಿಗೆ ತಾನು ಒಕ್ಕಲೆಂದು ರುಜುವಾತು ಮಾಡುವುದೇ ಕಷ್ಟವಾದ್ದರಿಂದ, ಸ್ವಂತ ಇಚ್ಛೆಯಿಂದ ಜಮೀನು ಬಿಟ್ಟುಕೊಟ್ಟನೆಂಬ ಬರಹಕ್ಕೆ ಹೆಬ್ಬೆಟ್ಟು ಒತ್ತಿದವರೂ ಇದ್ದರು. ಹೆಬ್ಬೆಟ್ಟು ಒತ್ತಿಸಿಕೊಂಡವರಲ್ಲಿ ಬಹಳ ಮಂದಿ ತಾವು ಕಾನೂನು ಮೀರಿದೆವೆಂದು ಎಣಿಸಿರಲಿಲ್ಲ, ಏಕೆಂದರೆ ಒಕ್ಕಲು ಎದುರು ಮಾತಾಡಿರಲಿಲ್ಲ; ಎದುರು ಮಾತಾಡಲಾಗದ ಸ್ಥಿತಿಯಲ್ಲಿ ಬಂದ ಒಪ್ಪಿಗೆಯನ್ನು ಒಪ್ಪಿಗೆಯೆಂದು ಎಣಿಸುವುದು ಅಧಿಕಾರಸ್ಥರ ಅತಿ ಹಳೆಯ ಅಭ್ಯಾಸ.

ದೇವರಾಜ ಅರಸರ ಸರ್ಕಾರದ ತಿದ್ದುಪಡಿ 1974ರ ಮಾರ್ಚ್ 1ರಂದು ಜಾರಿಯಾದಾಗ ಈ ಲೆಕ್ಕ ಬುಡಸಮೇತ ಬದಲಾಯಿತು. ಅಂದು ಗೇಣಿದಾರರ ಸಾಗುವಳಿಯಲ್ಲಿದ್ದ ಜಮೀನುಗಳೆಲ್ಲ ಸರ್ಕಾರದಲ್ಲಿ ನಿಹಿತವಾದವು, ಅಂದರೆ ಧಣಿಯ ಒಡೆತನ ಅಂದಿಗೆ ಮುಗಿಯಿತು. ಗೇಣಿದಾರನು 7ನೆಯ ನಮೂನೆಯ ಅರ್ಜಿ ಹಾಕಿ ಅಧಿಭೋಗದ ಹಕ್ಕು, ಅಂದರೆ ಆ ಜಮೀನನ್ನು ತನ್ನದಾಗಿ ಅನುಭವಿಸುವ ದಾಖಲೆಯ ಹಕ್ಕು ಪಡೆಯಬಹುದಾಯಿತು. ಅರ್ಜಿಯ ಕೊನೆಯ ದಿನವನ್ನು ಮತ್ತೆ ಮತ್ತೆ ಮುಂದೂಡಿ ಕೊನೆಗೆ 1979ರ ಜೂನ್ 30ಕ್ಕೆ ನಿಲ್ಲಿಸಲಾಯಿತು. ಅರ್ಜಿಗಳನ್ನು ಕೇಳಲು ತಾಲೂಕಿಗೊಂದರಂತೆ ಏರ್ಪಟ್ಟ ಭೂನ್ಯಾಯಮಂಡಳಿಯಲ್ಲಿ ಅಸಿಸ್ಟೆಂಟ್ ಕಮಿಷನರ್ ಅಧ್ಯಕ್ಷನಾಗಿಯೂ ಸರ್ಕಾರ ನೇಮಿಸಿದ ನಾಲ್ವರು ಸದಸ್ಯರಾಗಿಯೂ ಕುಳಿತರು, ಆ ನಾಲ್ವರಲ್ಲಿ ಒಬ್ಬರು ಪರಿಶಿಷ್ಟರಿಗೆ ಸೇರಿದವರಾಗಿರಬೇಕಿತ್ತು. ವಕೀಲರಿಗೆ ಅಲ್ಲಿ ಪ್ರವೇಶವಿರಲಿಲ್ಲ. ಆ ನಿಷೇಧ ಸಲ್ಲದೆಂದು ಸುಪ್ರೀಂ ಕೋರ್ಟು ಹೇಳಿದ್ದು 1987ರಲ್ಲಿ. ಗೇಣಿ ಪದ್ಧತಿ ದಟ್ಟವಾಗಿದ್ದ ಉತ್ತರ ಮತ್ತು ದಕ್ಷಿಣ ಕನ್ನಡ ಜಿಲ್ಲೆಗಳಲ್ಲಿ ಈ ಮಂಡಳಿಗಳ ಕೆಲಸ ರಾಜ್ಯದ ಇತರ ಭಾಗಗಳಿಗಿಂತ ಹೆಚ್ಚು ಆಳವಾಗಿ ತಟ್ಟಿತು. ಜಗಲಿಯ ಮೇಲೆ ಕೂರುತ್ತಿದ್ದವನೂ ಅಂಗಳದಲ್ಲಿ ನಿಲ್ಲುತ್ತಿದ್ದವನೂ ಒಂದೇ ಮೇಜಿನ ಮುಂದೆ ಸಮನಾಗಿ ನಿಂತು ಹೇಳಿಕೆ ಕೊಡಬೇಕಾಗಿ ಬಂದದ್ದು, ಜಮೀನು ಯಾರಿಗೆ ಹೋಯಿತೆಂಬುದರಷ್ಟೇ ದೊಡ್ಡ ಬದಲಾವಣೆ. ಪಾವತಿಯಿಲ್ಲದ ಕಡೆ ನೆರೆಗದ್ದೆಯವನ ಸಾಕ್ಷಿಯೇ ಆಧಾರವಾಗುತ್ತಿದ್ದುದರಿಂದ, ಧಣಿಯ ದಾಕ್ಷಿಣ್ಯಕ್ಕೋ ಸತ್ಯಕ್ಕೋ ಎಂಬ ಆಯ್ಕೆ ಊರಿನ ಪ್ರತಿಯೊಬ್ಬನ ಮುಂದೆಯೂ ಬಂದಿತು.

ಎಲ್ಲ ಧಣಿಗಳೂ ದೊಡ್ಡ ಧಣಿಗಳಾಗಿರಲಿಲ್ಲ ಎಂಬುದನ್ನೂ ಹೇಳಲೇಬೇಕು. ಗಂಡನ ಪಾಲಿಗೆ ಬಂದ ಒಂದೆರಡು ಎಕರೆ ಗದ್ದೆಯನ್ನು ಗೇಣಿಗೆ ಕೊಟ್ಟು ಆ ಭತ್ತದಲ್ಲೇ ಜೀವ ಹಿಡಿದಿದ್ದ ವಿಧವೆಯರು, ಮುಂಬಯಿಯಲ್ಲಿ ಸಣ್ಣ ನೌಕರಿಯಲ್ಲಿದ್ದವರು, ದೇವಸ್ಥಾನಗಳು ಕೂಡ ಕಾನೂನಿನ ಕಣ್ಣಿಗೆ ಧಣಿಗಳೇ ಆದರು. ಸೈನಿಕ ಮತ್ತು ನಾವಿಕರಿಗೆ ಕಾಯ್ದೆ ತೋರಿದ ವಿನಾಯಿತಿಯನ್ನು ಒಬ್ಬಂಟಿ ಹೆಂಗಸಿಗೆ ತೋರಲಿಲ್ಲ. ಇಂಥ ಕಡೆ ಬಲವಂತನಾದ ಒಕ್ಕಲು, ಬಲವಿಲ್ಲದ ಧಣಿ ಎಂಬ ತಿರುವುಮುರುವು ಉಂಟಾಯಿತು. ಕೆಲವು ಒಕ್ಕಲುಗಳು ಅರ್ಜಿ ಹಾಕದೆ, ಅಥವಾ ಹಾಕಿದರೂ ಒಂದು ಪಾಲನ್ನು ಬಿಟ್ಟುಕೊಟ್ಟು, ಸಂಧಾನ ಮಾಡಿಕೊಂಡರು. ಅದನ್ನು ಹಳೆಯ ದಾಸ್ಯದ ಉಳಿಕೆಯೆಂದು ಹೀಗಳೆದವರಿದ್ದಾರೆ. ಎಲ್ಲ ಸಂದರ್ಭಗಳಿಗೂ ಆ ಮಾತು ಒಪ್ಪದು, ಏಕೆಂದರೆ ಹೊಸದಾಗಿ ಕೈಗೆ ಬಂದ ಬಲವನ್ನು ಎಷ್ಟು ಬಳಸಬೇಕೆಂದು ತಾನೇ ನಿರ್ಧರಿಸುವುದು ದಾಸ್ಯದ ಲಕ್ಷಣವಲ್ಲ.

ಹಕ್ಕುಪತ್ರ ಬಂದ ಮನೆಗಳ ಒಳಗೆ ನಡೆದದ್ದರ ಬಗ್ಗೆ ಬರಹಗಳು ಕಡಿಮೆ. ಗದ್ದೆಯಲ್ಲಿ ಸಸಿ ಕಿತ್ತು ನೆಟ್ಟವರು, ಕಳೆ ತೆಗೆದವರು, ಭತ್ತ ಹೊತ್ತವರು ಬಹುಪಾಲು ಹೆಂಗಸರು. ಆದರೆ ಅರ್ಜಿ ಹೋದದ್ದು ಮನೆಯ ಯಜಮಾನನ ಹೆಸರಿನಲ್ಲಿ, ಪಹಣಿಯಲ್ಲಿ ಅಂದರೆ ಜಮೀನಿನ ಹಕ್ಕು ಮತ್ತು ಬೆಳೆಯ ದಾಖಲೆಯಲ್ಲಿ ಏರಿದ್ದೂ ಅವನ ಹೆಸರೇ. 1956ರ ಹಿಂದೂ ಉತ್ತರಾಧಿಕಾರ ಕಾಯ್ದೆಯ 4ನೆಯ ಕಲಮಿನ 2ನೆಯ ಉಪಕಲಮು ಗೇಣಿ ಹಕ್ಕಿನ ವಾರಸಿಕೆಯ ಕುರಿತ ಕಾನೂನುಗಳನ್ನು ತನ್ನ ವ್ಯಾಪ್ತಿಯಿಂದ ಹೊರಗಿಟ್ಟಿತ್ತು. ಪಿತ್ರಾರ್ಜಿತ ಆಸ್ತಿಯಲ್ಲಿ ಮಗಳಿಗೆ ಮಗನಷ್ಟೇ ಹಕ್ಕನ್ನು ಕರ್ನಾಟಕ 1994ರಲ್ಲಿ ಕೊಟ್ಟಿತು. ಕೇಂದ್ರದ 2005ರ ತಿದ್ದುಪಡಿ ಆ ಉಪಕಲಮನ್ನೇ ತೆಗೆದುಹಾಕಿತು. ಅಷ್ಟು ಹೊತ್ತಿಗೆ ಹೆಣ್ಣುಮಕ್ಕಳಿಂದ ಹಕ್ಕು ಬಿಡುಗಡೆಯ ಪತ್ರಕ್ಕೆ ಸಹಿ ಹಾಕಿಸಿಕೊಳ್ಳುವುದು ರೂಢಿಯಾಗಿತ್ತು. ಪತ್ರದಲ್ಲಿ ‘ಸ್ವಂತ ಇಚ್ಛೆಯಿಂದ’ ಎಂಬ ಮಾತು ಇರುತ್ತಿತ್ತು. ಒಂದು ಕಾಲಕ್ಕೆ ಅದೇ ಮಾತಿನ ಕೆಳಗೆ ತನ್ನ ತಂದೆಯ ಹೆಬ್ಬೆಟ್ಟು ಒತ್ತಿಸಿದ್ದನ್ನು ಅನ್ಯಾಯವೆಂದು ಬಲ್ಲ ಮಗ, ತಂಗಿಯ ಸಹಿಯನ್ನು ವಾಡಿಕೆಯೆಂದು ತಿಳಿದನು.

ಮನೆಯೊಳಗಿನ ಅಧಿಕಾರವನ್ನು ಬೀದಿಗೆ ತಂದು ಪ್ರಶ್ನಿಸಿದವರು ಇದೇ ತಾಲೂಕಿನ ಬಡಗೇರಿಯ ಹಾಲಕ್ಕಿ ಹಾಡು ಪರಂಪರೆಯ ಸುಕ್ರಿ ಬೊಮ್ಮಗೌಡ. ಹಾಡುಗಳ ಭಂಡಾರವೆಂದು 2017ರಲ್ಲಿ ಪದ್ಮಶ್ರೀ ಪಡೆದ ಅವರು ಹೆಂಗಸರನ್ನು ಕಟ್ಟಿಕೊಂಡು ಸಾರಾಯಿ ವಿರುದ್ಧ ಹೋರಾಡಿದ್ದನ್ನು ಪ್ರಶಸ್ತಿಯ ಸುದ್ದಿಗಳು ಒಂದು ಸಾಲಿನಲ್ಲಿ ಮುಗಿಸುತ್ತವೆ. ದಿನದ ಕೂಲಿ ಸಾರಾಯಿ ಅಂಗಡಿಗೆ ಹೋಗುವುದೋ ಅಕ್ಕಿಗೆ ಹೋಗುವುದೋ ಎಂಬುದನ್ನು ನಿರ್ಧರಿಸುವವರು ಯಾರು ಎಂಬುದೇ ಆ ಹೋರಾಟದ ತಿರುಳಾಗಿತ್ತು. ಕೊಪ್ಪದ ಕಟ್ಟೆಯಲ್ಲಿ ಸ್ಥಾನವಿಲ್ಲದಿದ್ದವರು ಕೊಪ್ಪದ ಗಂಡಸರಿಗೆ ಲೆಕ್ಕ ಕೇಳಿದರು. ಕರ್ನಾಟಕದಲ್ಲಿ ಸಾರಾಯಿ ನಿಷೇಧವಾದದ್ದು 2007ರ ಜುಲೈ 1ರಿಂದ. ಸುಕ್ರಿಯವರು 2025ರ ಫೆಬ್ರವರಿಯಲ್ಲಿ ತೀರಿಕೊಂಡರು.

ಈಚಿನ ದಶಕಗಳಲ್ಲಿ ಈ ಕರಾವಳಿಯ ಭೂಮಿಗೆ ಹೊಸ ಧಣಿ ಬಂದಿದ್ದಾನೆ. 1986ರ ಅಕ್ಟೋಬರ್‌ನಲ್ಲಿ ರಾಜೀವ ಗಾಂಧಿ ಅಡಿಗಲ್ಲಿಟ್ಟ ಸೀಬರ್ಡ್ ನೌಕಾನೆಲೆಗಾಗಿ ಕಾರವಾರ ಮತ್ತು ಅಂಕೋಲಾ ತಾಲೂಕುಗಳ ಹಲವು ಹಳ್ಳಿಗಳ ಸಾವಿರಾರು ಕುಟುಂಬಗಳು ನೆಲೆ ಬಿಟ್ಟವು. ಪರಿಹಾರದ ಮೊಕದ್ದಮೆಗಳು ದಶಕಗಳ ಕಾಲ ನಡೆದವು. ಅದರ ಮುಂದುವರಿಕೆಯಾಗಿ ನೌಕಾ ವಿಮಾನ ನಿಲ್ದಾಣಕ್ಕೂ ಅದಕ್ಕೆ ಹೊಂದಿಕೊಂಡ ನಾಗರಿಕ ನಿಲ್ದಾಣಕ್ಕೂ ಅಲಗೇರಿ, ಬೇಲೇಕೇರಿ, ಭಾವಿಕೇರಿಗಳ ಜಮೀನು ಗುರುತಿಸಲ್ಪಟ್ಟಿದೆ. ಒಂದೇ ಶತಮಾನದಲ್ಲಿ ಕಂಪನಿಯ ವಾರಸುದಾರ ಸರ್ಕಾರ, ಧಣಿ, ಒಕ್ಕಲು, ಪ್ರಜಾಪ್ರಭುತ್ವದ ಸರ್ಕಾರ ಎಂಬ ನಾಲ್ವರ ಕೈಯ ಬಲವನ್ನು ಕಂಡ ಗದ್ದೆಗಳು ಇವು. ಸ್ವಾಧೀನದ ಪರಿಹಾರ ಪಹಣಿಯಲ್ಲಿ ಹೆಸರಿದ್ದವರಿಗೆ ಸಲ್ಲುವುದು ವಾಡಿಕೆ. ಹಣ ಬಂದ ದಿನ ಮನೆಯ ಯಾರು ಯಾರಿಗೆ ಎಷ್ಟು ಹೇಳುತ್ತಾರೆ, ಎಷ್ಟು ಮುಚ್ಚಿಡುತ್ತಾರೆ ಎಂಬುದನ್ನು ನೋಡುವ ನ್ಯಾಯಮಂಡಳಿ ಯಾವುದೂ ಇಲ್ಲ.

ಭೂಸ್ವಾಧೀನಕ್ಕೆ ಸಂಬಂಧಿಸಿದ ಕೇಂದ್ರದ 2013ರ ಕಾಯ್ದೆ, ‘ಬಾಧಿತ ಕುಟುಂಬ’ವೆಂದರೆ ಯಾರು ಎಂಬುದನ್ನು ವಿವರಿಸುವಾಗ ಭೂಮಾಲಿಕರೊಂದಿಗೆ, ಆ ಪ್ರದೇಶದಲ್ಲಿ ಹಿಂದಿನ ಮೂರು ವರ್ಷಗಳಿಂದ ದುಡಿದು ಬದುಕುತ್ತಿರುವ ಭೂಮಿಯಿಲ್ಲದ ಕೃಷಿ ಕೂಲಿಗಳು, ಗೇಣಿದಾರರು ಮತ್ತು ಪಾಲಿನ ಬೇಸಾಯಗಾರರನ್ನೂ ಸೇರಿಸುತ್ತದೆ; ವಿಧವೆಯರು, ವಿಚ್ಛೇದಿತೆಯರು ಮತ್ತು ಮನೆಯವರು ಕೈಬಿಟ್ಟ ಹೆಂಗಸರನ್ನು ಪ್ರತ್ಯೇಕ ಕುಟುಂಬಗಳೆಂದು ಎಣಿಸಬೇಕೆಂದೂ ಅದು ಹೇಳುತ್ತದೆ. ಈ ಸೀಮೆಯಲ್ಲಿ ಮುಂದೆ ಎಲ್ಲಿಯೇ ಭೂಸ್ವಾಧೀನದ ಪಟ್ಟಿ ತಯಾರಾಗಲಿ, ಅದಕ್ಕೆ ಹೆಸರು ಹೇಳುವ ಮನೆಯ ಹಿರಿಯರೂ ಹೆಸರು ಬರೆದುಕೊಳ್ಳುವ ಅಧಿಕಾರಿಗಳೂ ಮೊದಲು ಆ ವ್ಯಾಖ್ಯೆಯನ್ನು ಗ್ರಾಮಸಭೆಯಲ್ಲಿ ಗಟ್ಟಿಯಾಗಿ ಓದಬೇಕು.